ಐದಕ್ಷರದ ಅಂಗಡಿ

ರಬಕವಿ,
ಬುಧವಾರ, 12 ನವೆಂಬರ್ 2025

ಗೆಳತಿ ಅಲಕಾ,

ಜಮಖಂಡಿಯಲ್ಲಿ ನೀನೂ ನಿನ್ನ ಕಂಪ್ಯೂಟರೂ ನೆಟ್ಟಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನೀನು ಕೇಳಿದ್ದು ಒಂದೇ ಮಾತು: "ಶನಿವಾರದೊಳಗ ಹೇಳು, ಅಂಗಡಿ ಹೆಸರ ಬದಲ ಮಾಡೋದೋ ಬ್ಯಾಡೋ?" ಫೋನಿನಲ್ಲಿ ಹೌದು, ಇಲ್ಲ ಎಂದು ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ನಿನ್ನ ಸೀರೆಯ ಪೆಟ್ಟಿಗೆ ಹೇಗೂ ಇವತ್ತು ಹೊರಡುತ್ತಿದೆ, ಮಡಿಕೆಯ ನಡುವೆ ಜಾಗವೂ ಇದೆ. ಬಿ.ಎ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ನಾಲ್ಕು ಪುಟ ಬರೆದವಳು ನಾನು. ಓದು ಮರೆತರೂ ಚಾಳಿ ಮರೆತಿಲ್ಲ.

ಮೊದಲು ನಿನ್ನ ತಪ್ಪು ಹೇಳುತ್ತೇನೆ. ಲಾಕ್‌ಡೌನಿನಲ್ಲಿ ನೇಯ್ದ ಸೀರೆ ಮನೆಯಲ್ಲೇ ರಾಶಿ ಬಿದ್ದಾಗ ಈ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟವಳು ನೀನು. "ಏನಂತ ಹೆಸರ ಇಡೋಣ?" ಎಂದು ನೀನು ಫೋನಿನಲ್ಲಿ ಕೇಳಿದೆ. ನಮ್ಮ ಓಣಿಯ ಅಂಗಡಿಗಳೆಲ್ಲ ಗಂಡಸರ ಹೆಸರಿನವು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವ ರೂಢಿಯಂತೂ ಇಲ್ಲ. ಹೇಳಲೇಬೇಕಾದಾಗ ಒಡಪು ಕಟ್ಟಿ, ಪ್ರಾಸದ ಸೆರಗು ಹೊದಿಸಿ ಹೇಳುತ್ತೇವೆ. ಹಾಗಾಗಿ ನಾನು ಹಿಂದುಮುಂದು ನೋಡದೆ ಹೇಳಿದೆ:

ಎಳಿ ಎಳಿ ಕೂಡಿದರ ಸೀರಿ ಆತಪ್ಪ,
ನನ್ನ ಕೂಡ ಬಾಳೇ ಮಾಡವರು ಮಲಕಾಜಪ್ಪ.

ನೀನು ನಕ್ಕು, ಕೊನೆಯ ಪದ ಹೆಕ್ಕಿ, ಅದಕ್ಕೆ 'ಸ್ಯಾರೀಸ್' ಅಂಟಿಸಿ ವೆಬ್‌ಸೈಟ್ ತೆರೆದೇಬಿಟ್ಟೆ. ಗಂಡನನ್ನು "ಏ ವೇದ್ಯಾ" ಎಂದು ಕೂಗುವ ನಿನಗೆ ನನ್ನ ಪಾಡು ಹೇಗೆ ತಿಳಿಯಬೇಕು? ಗಿರಾಕಿ ಫೋನಿನಲ್ಲಿ ವೆಬ್‌ಸೈಟಿನ ಹೆಸರು ಕೇಳಿದರೆ ನಾನು ಇಡೀ ಒಡಪು ಒಪ್ಪಿಸಬೇಕು. ಒಬ್ಬಾಕೆ ಎರಡು ಸಲ ಹೇಳಿಸಿಕೊಂಡು, ಚಂದ ಇದೆ ಎಂದು ಮೆಚ್ಚಿ, ಸೀರೆ ಕೊಳ್ಳದೆ ಫೋನಿಟ್ಟಳು.

ಈಗ ನೀನೇ ಹೊಸ ರಾಗ ತೆಗೆದೆ. "ಸೀರಿ ಆರಸೋಕಿ ನೀ, ಫೋಟೊ ತಗಿಯೋಕಿ ನೀ, ಗಿರಾಕಿ ಜೋಡಿ ಮಾತಾಡೋಕಿ ನೀ. ಮಂಗಲಾ ಅಂತ ನಿನ್ನ ಹೆಸರ ಇಟ್ಟರ ಏನ ಆಗ್ತದ?"

ಏನಾಗುತ್ತದೆ? ಖರೆ ಹೇಳುತ್ತೇನೆ, ಅಂದಿನಿಂದ ನನಗೂ ಅದೇ ಕುತೂಹಲ. ಮೊದಲು ಅತ್ತೆಯನ್ನು ಕೇಳಿದೆ. ಹೆಸರು ಹೇಳಬಾರದೆಂದು ಮದುವೆಯಾದ ವಾರದಲ್ಲೇ ನನಗೆ ಕಲಿಸಿದವರು ಅವರು. ಅಡಿಕೆ ಕತ್ತರಿಸುತ್ತ, "ಹೆಸರ ತಗದ್ರ ಸೀರಿ ಬಣ್ಣ ಬಿಡತೈತೇನ ಬೇ?" ಎಂದರು. ಇಲ್ಲ ಎಂದೆ. "ಮತ್ತ?" ಎಂದರು. ಇಪ್ಪತ್ಮೂರು ವರ್ಷದ ಕಟ್ಟಳೆ ಒಂದು ಅಡಿಕೆ ಹೋಳಾಗುವಷ್ಟರಲ್ಲಿ ಮುಗಿದುಹೋಯಿತು.

ಆಮೇಲೆ ಗಿರಾಕಿಗಳು. ಬೀಳಗಿಯ ಶಿಕ್ಷಕಿ ಶ್ರೀದೇವಿಯವರು ನಮ್ಮಲ್ಲಿ ನಾಲ್ಕು ಸೀರೆ ಕೊಂಡವರು. "ಅಯ್ಯ, ಅದು ನಿಮ್ಮ ಮನಿದೇವರ ಹೆಸರಂತ ಮಾಡಿದ್ನಿರೀ," ಎಂದರು. ಕೈ ಮುಗಿದೇ ಆರ್ಡರ್ ಮಾಡುತ್ತಿದ್ದರಂತೆ. ದೇವರಲ್ಲ, ಗಂಡ ಎಂದು ನಾನು ತಿದ್ದಲಿಲ್ಲ. ಭಕ್ತಿಯಿಂದ ವ್ಯಾಪಾರಕ್ಕೆ ನಷ್ಟವೇನಿಲ್ಲ.

ಕೇಳದೆ ಉಳಿದವರು ಒಬ್ಬರೇ: ಹೆಸರಿನ ಧಣಿ. ಅವರನ್ನು ಕೇಳಲು ನಾಲಿಗೆ ಏಳಲಿಲ್ಲ. ಮನೆಯ ಬಾಗಿಲ ಮೇಲೆ ಮಾವನ ಹೆಸರಿದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಅತ್ತೆಯ ಹೆಸರಿದೆ. ನನ್ನ ಗಂಡ ನೇಯುವ ಸೀರೆಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಆ ಮನುಷ್ಯನ ಹೆಸರು ನಾಲ್ಕು ಮಂದಿಗೆ ಕಾಣುವ ಜಾಗ ಅಂದರೆ ಈ ವೆಬ್‌ಸೈಟ್ ಒಂದೇ. ಚಿಕ್ಕಪಡಸಲಗಿಯಲ್ಲಿ ನಂಟರ ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಕುಳಿತೇ ಮೊಬೈಲು ಎಡಗೈಯಲ್ಲಿ ಹಿಡಿದು ಪಕ್ಕದವರಿಗೆ ತೋರಿಸಿದ್ದನ್ನು ನಾನು ದೂರದಿಂದ ನೋಡಿದ್ದೇನೆ.

ನಿನ್ನೆ ಮಧ್ಯಾಹ್ನ, ಸುಮ್ಮನೆ ತಿಳಿದುಕೊಳ್ಳೋಣವೆಂದು, ಹೆಸರು ನೋಂದಾಯಿಸಿದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಹೆಸರು ಬದಲಿಸುವುದು ಹೇಗೆಂದು ಕೇಳಿದರೆ, ಮೊದಲು ಈಗಿರುವ ಹೆಸರು ಹೇಳಬೇಕಂತೆ. ನಾನು "ಎಳಿ ಎಳಿ ಕೂಡಿದರ..." ಎಂದು ಶುರು ಮಾಡಿದೆ. ಆ ಕಡೆಯ ದನಿ, "ಮೇಡಂ, ಪದ್ಯ ಬೇಡ, ಹೆಸರು ಮಾತ್ರ ಹೇಳಿ," ಎಂದಿತು. ಮೆಲ್ಲಗೆ ಹೇಳಿದೆ. ಕೇಳಿಸಲಿಲ್ಲವಂತೆ. ಪಕ್ಕದ ಮನೆಯ ಪವರ್‌ಲೂಮಿನ ಗದ್ದಲ ಬೇರೆ. ಮೂರನೆಯ ಸಲ, ಹಿಂದೆ ಸಾಲಿಲ್ಲದೆ, ಮುಂದೆ ಪ್ರಾಸವಿಲ್ಲದೆ, ಆ ಐದಕ್ಷರವನ್ನು ಬೋಳುಬೋಳಾಗಿ ಕೂಗಿಬಿಟ್ಟೆ.

ಒಳಗೆ ನಮ್ಮ ಮಗ್ಗ ನಿಂತಿತು. ಅವರು ಹೊಸ್ತಿಲಿಗೆ ಬಂದರು.

"ಕರದೇನ ಬೇ?"

"ನಿಮ್ಮನ್ನಲ್ಲರೀ, ಅಂಗಡೀನ."

"ಅಂಗಡಿಗೇನಾಗೇತಿ?"

ಸುಳ್ಳು ಹೊಳೆಯಲಿಲ್ಲ. "ಹೆಸರ ಬದಲ ಮಾಡೂದಿದ್ರ ಹೆಂಗಂತ ಕೇಳಾಕತ್ತಿದ್ನಿರೀ," ಎಂದೆ.

"ಇಪ್ಪತ್ಮೂರ ವರ್ಷದಾಗ ಒಮ್ಮೆ ಹೆಸರ ಹಿಡದ ಕರದಿ. ಅದೂ ತಗದ ಹಾಕಾಕ," ಎಂದರು.

ನಗುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಮೀಸೆ ದಪ್ಪಗೆ, ಮಾತು ತೆಪ್ಪಗೆ. ಒಳಗೆ ಹೋದರು. ಮಗ್ಗದ ಸದ್ದು ಮತ್ತೆ ಬರಲಿಲ್ಲ. ಸಹಾಯವಾಣಿ "ಹಲೋ, ಹಲೋ" ಎನ್ನುತ್ತಲೇ ಇತ್ತು. ಫೋನು ಇಟ್ಟೆ. ಆಗಲೇ ನಿರ್ಧಾರ ಮಾಡಿದೆ ಅಲಕಾ: ಇದ್ದ ಹೆಸರೇ ಇರಲಿ.

ಇವತ್ತು ಬೆಳಿಗ್ಗೆ ಅದನ್ನೇ ಹೇಳಬೇಕೆಂದು ಚಹಾ ಹಿಡಿದುಕೊಂಡು ಹೋದೆ. ಮಗ್ಗಕ್ಕೆ ಸುತ್ತಿದ್ದ ಉದ್ದೆಳೆಯ ಹಾಸು ಮುಗಿದಿತ್ತು. ಅವರು ಮಗ್ಗದ ಮುಂದೆ ಬಗ್ಗಿ, ಹಳೆಯ ಹಾಸಿನ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು: "ಹೆಸರ ಬದಲಾದ್ರ ಹಳೇ ಗಿರಾಕಿ ಹೆಂಗ ಬರಬೇಕ?"

ಹಳೆಯದನ್ನು ಬಿಡದೆ ಹೊಸದಕ್ಕೆ ಜೋಡಿಸಬಹುದು, ಹಳೆಯ ಹೆಸರು ಒತ್ತಿದವರು ತಾವಾಗಿ ಹೊಸದಕ್ಕೆ ಬರುತ್ತಾರೆ ಎಂದು ನೀನು ಹೇಳಿದ್ದೆಯಲ್ಲ, ಅದನ್ನೇ ಹೇಳಿದೆ. ಬೆರಳಿನಲ್ಲಿದ್ದ ಗಂಟು ನೋಡಿ, "ಇದರಂಗನ?" ಎಂದರು.

"ಹೂಂರೀ, ಇದರಂಗ."

"ಹಂಗಾದ್ರ ಮಾಡು. ಯಾರ ಹೆಸರ ಇಡತಿ?"

ನಾನು ಚಹಾದ ಬಟ್ಟಲು ನೋಡಿದೆ. ಅವರಿಗೆ ತಿಳಿಯಿತು. ಇನ್ನೂ ನಾಲ್ಕು ಗಂಟು ಹಾಕಿದರು. ಆಮೇಲೆ, "ಇಡು. ಆದ್ರ ಬಾಜಾರದಾಗ ಯಾರರ ಕೇಳಿದ್ರ ನಾ ಏನ ಹೇಳ್ಲಿ? ನಾನೂ ಒಂದ ದಿನ ನಿನ್ನ ಹೆಸರ ಹಿಡದಿಲ್ಲ. ನನಗೊಂದ ಒಡಪ ಬರಕೊಡು," ಎಂದರು.

ಅವರ ಹೆಸರಿಗೆ ಇಷ್ಟು ವರ್ಷ ಹತ್ತಾರು ಒಡಪು ಕಟ್ಟಿದವಳು ನಾನು. ಉಪ್ಪ, ತುಪ್ಪ, ಸೊಪ್ಪ, ಪ್ರಾಸಕ್ಕೆ ಬರವಿರಲಿಲ್ಲ. ನನ್ನ ಹೆಸರಿಗೆ ಬೆಳಗಿನಿಂದ ಹುಡುಕುತ್ತಿದ್ದೇನೆ, 'ಅಂಗಳ' ಬಿಟ್ಟು ಆಚೆ ಹೋಗುತ್ತಿಲ್ಲ.

ಆದ್ದರಿಂದ ಉತ್ತರ: ಹೌದು, ಬದಲಿಸು. ಹಳೆಯದನ್ನೂ ವರ್ಷ ವರ್ಷ ತಪ್ಪದೆ ನವೀಕರಿಸು. ಅಂಗಳ ದಾಟಿದ ಪ್ರಾಸ ಯಾವುದಾದರೂ ಹೊಳೆದರೆ ಕೂಡಲೇ ಬರೆದು ಕಳಿಸು. ಇಲ್ಲಿ ಒಬ್ಬರು ಕಾಯುತ್ತಿದ್ದಾರೆ.

ನಿನ್ನ ಹಳೆಯ ಬೆಂಚಿನ ಗೆಳತಿ,
ಮಂಗಲಾ

ತಾ.ಕ.: ನೀನು ಹೊಸ ಹೆಸರು ಕೊಳ್ಳಲು ಹೋದಾಗ ಅದು ಆಗಲೇ ಯಾರದೋ ಆಗಿದೆ ಎಂದು ಬರುತ್ತದೆ. ಗಾಬರಿಯಾಗಬೇಡ. ಆ ಯಾರೋ ನಾನೇ. ಮೂರು ವರ್ಷದ ಹಿಂದೆ ಮುಧೋಳಕ್ಕೆ ತಂಗಿಯ ಮನೆಗೆ ಹೋದಾಗ ಅಲ್ಲಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೊಂಡೆ, ನಿನಗೂ ಹೇಳಲಿಲ್ಲ. ಅದರಲ್ಲಿ ಸೀರೆ ಇಲ್ಲ, ಫೋಟೊ ಇಲ್ಲ, ಏನೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ತೆರೆದು ನೋಡುತ್ತೇನೆ. ಬಿಳಿ ಪುಟದ ಮೇಲೆ ನನ್ನ ಹೆಸರು, ಕೆಳಗೆ ಸಣ್ಣಗೆ 'ಕಮಿಂಗ್ ಸೂನ್' ಎಂದಿದೆ.