ಆ ಮೈ ಯಾರದು?

ಸ್ಟುಡಿಯೋದಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಪಾಳಿ ಮುಗಿಸಿ ಬರುವಷ್ಟರಲ್ಲಿ ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ನರ್ಸಮ್ಮನಿಗೆ ನಾನು ವೈದ್ಯ ಹೇಳಬಾರದು, ಆದರೂ ಮಲಗುವಾಗ ಕಾಲ ಕೆಳಗೊಂದು ದಿಂಬು ಇಟ್ಟುಕೋ. ಇಲ್ಲಿ ನನ್ನ ಬೆನ್ನು ಗೊಣಗುತ್ತದೆ, ನಾನೂ ಗೊಣಗುತ್ತೇನೆ, ಇಬ್ಬರೂ ಹೊಂದಿಕೊಂಡು ಹೋಗುತ್ತಿದ್ದೇವೆ. ನಿನ್ನನ್ನು ಸಾಕಿದ ಅತ್ತೆ, ನನ್ನ ತಂಗಿ, ಅವಳೂ ಚೆನ್ನಾಗಿದ್ದಾಳೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ. ನೀನು ಅವಳ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು. ಅದು ಸರಿಹೋಗಬೇಕು ಎಂದೇ ಈ ಕಾಗದ. ಫೋನಿನಲ್ಲಿ ಅವಳ ಸುದ್ದಿ ಎತ್ತಿದರೆ ಸಾಕು, 'ಅಪ್ಪಾ, ಡ್ಯೂಟಿಗೆ ಹೊತ್ತಾಯ್ತು' ಎನ್ನುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ಭಾನುವಾರ ಸಂಜೆ ಏಳಕ್ಕೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿದೆ, ನೀನೂ ನೋಡಿರಬಹುದು. ಮುಂದೆಂದೋ ಬರುವ ಕಾಲದ ಕಥೆಯಂತೆ. ಆ ಊರಿನಲ್ಲಿ ಮನೆಯೊಳಗಿನ ಪಿಸುಮಾತು ಕೂಡ ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ; ಯಾರ ಮುಖವನ್ನು ಯಾರ ಮೈಗೆ ಬೇಕಾದರೂ ಅಂಟಿಸಿ ನಡೆದಾಡಿಸುತ್ತಾರೆ. ಒಬ್ಬ ಟೀಚರಮ್ಮನ ಮುಖ ಕದ್ದು ಕೆಟ್ಟ ವಿಡಿಯೋಗೆ ಅಂಟಿಸಿ ಅವಳ ಬಾಳನ್ನೇ ಹಾಳು ಮಾಡುತ್ತಾರೆ. ಮೇಲಿನ ಮನೆಯ ಗಣಿತದ ಮೇಷ್ಟ್ರು, ಕೆಳಗಿನ ಮನೆಯ ಟೈಲರಮ್ಮ ಇಬ್ಬರೂ ನಮ್ಮಲ್ಲಿಗೇ ಬಂದು ನೋಡುತ್ತಾರೆ. ಮೇಷ್ಟ್ರು ಮೊದಲ ವಾರವೇ ಫೋನಿನ ಕ್ಯಾಮೆರಾಗೆ ಬ್ಯಾಂಡೇಜು ಸುತ್ತಿದರು. ಎರಡನೇ ವಾರದಿಂದ ನಮ್ಮ ಟೀವಿಯ ಮುಂದೆಯೂ ಪಿಸುಗುಟ್ಟುತ್ತಾರೆ. ಮೊನ್ನೆ ಪಾಸ್‌ಪೋರ್ಟ್ ಫೋಟೋಗೆ ಬಂದವರು 'ನನ್ ಮುಖ ನಿಮ್ ಕಂಪ್ಯೂಟರಲ್ಲಿ ಎಷ್ಟು ದಿನ ಇರತ್ತೆ?' ಎಂದು ಕೇಳಿದರು. 'ಆ ಮುಖ ಯಾರಿಗೆ ಬೇಕು ಮೇಷ್ಟ್ರೇ' ಎಂದು ನಗಿಸಿ ಕಳಿಸಿದೆ. ಟೈಲರಮ್ಮ ಮಾತ್ರ ಪ್ರತಿ ವಾರ ಅಳುತ್ತಾಳೆ. 'ಇಂಥಾ ಸುಳ್ಳು ಹುಟ್ಟಿಸೋನ ಕೈ ಸೇದುಹೋಗ!' ಎಂದು ಶಾಪ ಹಾಕುತ್ತಾಳೆ. ಆಗೆಲ್ಲ ನಾನು ಹೆಗಲ ಟವೆಲು ತೆಗೆದು ಕೈಗಳ ಮೇಲೆ ಹಾಕಿಕೊಳ್ಳುತ್ತೇನೆ.

ನಿನ್ನ ಅತ್ತೆ ಧಾರಾವಾಹಿಯ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಕಳೆದ ವಾರ ಎಲ್ಲರೂ ಟೀಚರಮ್ಮನಿಗಾಗಿ ಅಯ್ಯೋ ಪಾಪ ಎನ್ನುತ್ತಿದ್ದಾಗ, ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದವಳು ಹೇಳಿದಳು: 'ಅವಳ ಮುಖ ಕದ್ರು, ಪಾಪ, ಒಪ್ಕೊಂಡೆ. ಆದ್ರೆ ಆ ಮೈ ಯಾರದು? ಅವಳೂ ಒಬ್ಬ ಹೆಂಗಸೇ ತಾನೆ? ಅವಳ ತಲೆ ಕತ್ತರಿಸಿ ಎಸೆದ್ರಲ್ಲ, ಅವಳನ್ನ ಯಾರೂ ಕೇಳೋದೇ ಇಲ್ವಲ್ಲ.' ಮೇಷ್ಟ್ರು 'ಹೌದಲ್ಲ, ಅದೂ ಒಂದು ಪಾಯಿಂಟು' ಎಂದರು. ನಾನು ಟೀ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಮಗಳೇ, ಗಟ್ಟಿ ಮನಸ್ಸು ಮಾಡಿಕೊಂಡು ಓದು. ನಿನ್ನ ಅಮ್ಮ ನಿನ್ನನ್ನು ಹೆತ್ತ ಹನ್ನೊಂದನೆಯ ದಿನ ಹೋದಳು. ನಾಳೆ ತೆಗೆದರಾಯಿತು, ನಾಡಿದ್ದು ತೆಗೆದರಾಯಿತು ಎಂದುಕೊಂಡು ಈ ಫೋಟೋಗ್ರಾಫರ್ ಮಹಾಶಯ ನಿಮ್ಮಿಬ್ಬರ ಒಂದು ಫೋಟೋ ತೆಗೆದಿರಲಿಲ್ಲ. ನಿನಗೆ ಆರು ವರ್ಷವಾದಾಗ, ಅಮ್ಮನ ಜೊತೆಗಿರುವ ಫೋಟೋ ತನ್ನಿ ಎಂದು ಶಾಲೆಯಲ್ಲಿ ಹೇಳಿದರು. 'ಅಮ್ಮ ನನ್ನ ಎತ್ಕೊಂಡೇ ಇಲ್ವಾ?' ಎಂದು ಎರಡು ದಿನ ಊಟ ಬಿಟ್ಟೆ. ನೀನು ಒಂದು ತಿಂಗಳ ಕೂಸಾಗಿದ್ದಾಗ ನಿನ್ನನ್ನು ಎದೆಗೊತ್ತಿಕೊಂಡು ಕೂತ ಅತ್ತೆಯ ಫೋಟೋ ಒಂದಿತ್ತು. ಅವಳಿಗಾಗ ಹತ್ತೊಂಬತ್ತು. ಬ್ಲೇಡಿನಿಂದ ಅವಳ ಮುಖ ತೆಗೆದೆ. ಮದುವೆಯ ಫೋಟೋದಿಂದ ನಿನ್ನ ಅಮ್ಮನ ಮುಖ ತಂದೆ. ಒಂದರಲ್ಲಿ ಬೆಳಕು ಎಡದಿಂದ, ಇನ್ನೊಂದರಲ್ಲಿ ಬಲದಿಂದ. ಅದಕ್ಕೆ ಅಮ್ಮನ ನೆಗೆಟಿವನ್ನು ಮಗುಚಿ ಪ್ರಿಂಟು ಹಾಕಿ, ಅಂಟಿಸಿ, ಕುತ್ತಿಗೆಯ ಸಂದನ್ನು ಬ್ರಷ್ಷಿನಿಂದ ಮುಚ್ಚಿ, ಮತ್ತೆ ಫೋಟೋ ತೆಗೆದೆ. ಅಮ್ಮನ ಬಲಗೆನ್ನೆಯ ಮಚ್ಚೆ ನಿನ್ನ ಹತ್ತಿರ ಇರುವುದರಲ್ಲಿ ಎಡಗೆನ್ನೆಗೆ ಹೋಗಿದೆ, ನೋಡಿಕೋ. ಅತ್ತೆಯ ನೆಗೆಟಿವ್ ಎಂದಾದರೂ ನಿನ್ನ ಕೈಗೆ ಸಿಕ್ಕೀತು ಎಂದು ಸುಟ್ಟುಬಿಟ್ಟೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳ ತೋಳಿನಲ್ಲಿ ನೀನಿದ್ದ ಫೋಟೋ ಅದೊಂದೇ. ಉಳಿದವೆಲ್ಲ ತೆಗೆಯುವಾಗ ಅವಳು ನನ್ನ ಪಕ್ಕದಲ್ಲಿ ಗಿಲಕಿ ಆಡಿಸುತ್ತಾ ನಿಂತಿರುತ್ತಿದ್ದಳು. ನಿನ್ನ ಕೂಸುತನದ ಫೋಟೋಗಳಲ್ಲೆಲ್ಲ ನೀನು ನಗುತ್ತಿರುವುದು ಅವಳನ್ನು ನೋಡಿ.

ಮೂರು ವರ್ಷದ ಹಿಂದೆ ನೀನು ಕೆಲಸಕ್ಕೆಂದು ಹೊರಟ ದಿನ ಅತ್ತೆ ಬಾಗಿಲಿಗೆ ಅಡ್ಡ ನಿಂತು 'ಅಷ್ಟು ದೂರ ಬೇಡ ಕಣೇ' ಎಂದಳು. ಅವಳು ಮಾಡಿದ್ದು ಅತಿಯೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನೀನು ಗೋಡೆಯಿಂದ ಆ ಫೋಟೋ ಕಿತ್ತು ಅವಳ ಕಣ್ಣೆದುರು ಹಿಡಿದೆ. 'ನನ್ನಮ್ಮ ಹೇಗೆ ಹಿಡ್ಕೊಂಡಿದ್ದಾಳೆ ನೋಡು. ನೀನು ಯಾವತ್ತಾದ್ರೂ ನನ್ನ ಹೀಗೆ ಹಿಡ್ಕೊಂಡಿದ್ದೀಯಾ?' ಎಂದು ಕೇಳಿದೆ. ಅವಳು ಬಾಗಿಲು ಬಿಟ್ಟು ಸರಿದು ನಿಂತಳು. ನೀನು ಫೋಟೋವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ನಾನು ಅಲ್ಲೇ, ಚಪ್ಪಲಿ ಹುಡುಕುವವನಂತೆ ಬಗ್ಗಿಕೊಂಡಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನೀನು ನನ್ನನ್ನು ಸುಳ್ಳುಗಾರ ಅಂದುಕೊಳ್ಳುತ್ತೀಯ ಎಂದು ಬಾಯಿ ಬರಲಿಲ್ಲ. ಹೇಡಿ ನಿನ್ನ ಅಪ್ಪ. ನಾಚಿಕೆಯಾಗುತ್ತದೆ.

ಮುಖ ಸುಳ್ಳಲ್ಲ ಗುಬ್ಬೀ, ಅದು ನಿನ್ನ ಅಮ್ಮನದೇ. ಹನ್ನೊಂದು ದಿನ ಅವಳೂ ನಿನ್ನನ್ನು ಕೆಳಗಿಳಿಸಲಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಫೋಟೋದಲ್ಲಿ ನಿನ್ನನ್ನು ಹಿಡಿದ ಕೈ ಅತ್ತೆಯದು.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ನಿನ್ನ ಕೈಯಿಂದ ನಾಲ್ಕು ಜನರ ನೋವು ಕಮ್ಮಿಯಾಗಲಿ.

ನಿನ್ನ
ಅಪ್ಪ

ತಾ.ಕ. (ಮಾರ್ಚ್ ೧೫): ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಗೀಚುತ್ತಿದ್ದೇನೆ. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಅತ್ತೆಯ ಹತ್ತಿರ 'ಗುಬ್ಬಿಯ ಆ ಫೋಟೋ ಇದೆಯಲ್ಲ' ಎಂದು ಶುರುಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ. 'ನನ್ ಕೈ ನನಗೆ ಗೊತ್ತಾಗಲ್ವಾ ಅಣ್ಣಾ? ನೀನು ಗೋಡೆಗೆ ಮೊಳೆ ಹೊಡೆದ ದಿನಾನೇ ಗೊತ್ತಾಯ್ತು' ಎಂದಳು. ಹತ್ತೊಂಬತ್ತು ವರ್ಷ ಆ ಫೋಟೋದ ಧೂಳು ಒರೆಸಿದವಳು ಅವಳೇ. ಅಂದರೆ ಆವತ್ತು ಬಾಗಿಲಲ್ಲಿ ನೀನು ಕೇಳಿದಾಗಲೂ ಅವಳಿಗೆ ಗೊತ್ತಿತ್ತು. ನಿನಗೆ ಎಲ್ಲ ಬರೆದಿಟ್ಟಿದ್ದೇನೆ, ಕಳಿಸುತ್ತೇನೆ ಎಂದದ್ದಕ್ಕೆ, 'ಬೇಡ. ಅವಳಿಗೆ ಇರೋದು ಅದೊಂದೇ ಅಮ್ಮ, ಅದನ್ನ ಕಿತ್ಕೋಬೇಡ' ಎಂದಳು. ಅವಳ ಮಾತು ಮೀರಿ ಕಳಿಸುತ್ತಿದ್ದೇನೆ. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ. ಮೊದಲು ಅವಳಿಗೆ ಫೋನ್ ಮಾಡು.