ಬೆನ್ನು ಹೇಳಿದ ಪಾಲು

ಫೆಬ್ರವರಿ ೧೧, ೧೯೦೯. ಸಂಜೆ

ಗಂಜಿ ಆಯಿತು. ಪಾತ್ರೆ ನೆಕ್ಕಿದ್ದೂ ಆಯಿತು. ಡಾಕ್ಟರನ ತುಪ್ಪಳದ ಬೂಟು ಮತ್ತೆ ಬಾಯಿ ಬಿಟ್ಟಿದೆ — ಹೊಲಿದು ಕೊಟ್ಟೆ. ಸೂಜಿ ಬೆರಳಿಗೇ ಅಂಟಿಕೊಳ್ಳುವಂಥ ಚಳಿ. ದಾರಕ್ಕೆ ಮೇಣ ಹಚ್ಚಲು ಹೋದರೆ ಮೇಣ ಪುಡಿಪುಡಿ. ಹಡಗಿನಲ್ಲಿ ಹಾಯಿ ಹೊಲಿಯುತ್ತಿದ್ದ ಕೈ, ಈಗ ಚಮ್ಮಾರಿಕೆ. ಆಗಲಿ.

ಹಿಂದಕ್ಕೆ ಹೊರಟಿದ್ದೇವೆ. ದಕ್ಷಿಣ ಧ್ರುವ ಸಿಗಲಿಲ್ಲ. ಕ್ಯಾಪ್ಟನ್ ಸ್ಟ್ರೌಡ್ ಹಿಮದ ನಡುವೆ ಒಂದು ಬಾವುಟ ಊರಿ, "ಇಷ್ಟೇ ಕಣ್ರಪ್ಪಾ. ಇನ್ನು ಮುಂದಕ್ಕೆ ಹೋದ್ರೆ ವಾಪಸ್ ಬರೋರಿಲ್ಲ" ಎಂದು ತಿರುಗಿದವರು, ಆಮೇಲೆ ಆ ಮಾತೇ ಎತ್ತಿಲ್ಲ. ಇದು ಅವರ ಮೂರನೆಯ ಯಾತ್ರೆ. ಊರಲ್ಲಿ ನಾಲ್ಕು ತಿಂಗಳು ಕೂತರೆ ಮೈ ಕಡಿಯುತ್ತದಂತೆ ಅವರಿಗೆ. ಇಲ್ಲಿಗೆ ಬಂದರೆ ಊರಿನ ಬೆಣ್ಣೆ, ಬ್ರೆಡ್ಡು, ಬೆಂಕಿಗೂಡಿನ ಮಾತು. ವಿಚಿತ್ರ ಮನುಷ್ಯ. ಎರಡನೆಯ ಸಲವೂ ಇವರ ಹಿಂದೆಯೇ ಬಂದವನು ನಾನು. ನಾನೇನು ಕಡಿಮೆ ವಿಚಿತ್ರವೇ ಟ್ಯಾಮ್ಸಿನ್?

ನೋಡು, ತಂಗಿಗೆ ಕಾಗದ ಬರೆದು ರೂಢಿ, ಇಲ್ಲೂ ನಿನ್ನ ಹೆಸರೇ ಬಂತು. ಟಪಾಲಿಲ್ಲದ ಊರು. ಇದನ್ನು ಯಾರೂ ಓದಬೇಕಾಗಿಲ್ಲ.

ಇವತ್ತು ಬೆನ್ನು ತಿರುಗಿಸುವ ಸರದಿ ನನ್ನದಾಗಿತ್ತು. ಅಡುಗೆಯವನು ಮೂರು ತಟ್ಟೆಗೆ ಹಂಚುತ್ತಾನೆ. ಒಬ್ಬ ಡೇರೆಯ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಅಡುಗೆಯವನು ಒಂದು ತಟ್ಟೆಗೆ ಬೆರಳು ತೋರಿಸಿ "ಯಾರದು?" ಎನ್ನುತ್ತಾನೆ, ಇವನು ನೋಡದೆ ಒಂದು ಹೆಸರು ಹೇಳುತ್ತಾನೆ. ಮೂರನೆಯವನು ಸಾಕ್ಷಿ. ಬೆನ್ನು ಹೇಳಿದ್ದು ಆಯಿತು — ಬದಲಿಸುವಂತಿಲ್ಲ, ಬೇಡ ಎನ್ನುವಂತಿಲ್ಲ, ಇನ್ನೊಬ್ಬನಿಗೆ ದಾನ ಮಾಡುವಂತಿಲ್ಲ. ಹಿಂದಿನ ಯಾತ್ರೆಯಲ್ಲಿ ಬಿಸ್ಕತ್ತಿನ ಚೂರೊಂದಕ್ಕೆ ಇಬ್ಬರು ಒಳ್ಳೆಯ ಗಂಡಸರು ಚಾಕು ಎತ್ತಿದ್ದರು. ಅಂದೇ ಕ್ಯಾಪ್ಟನ್ ಹಾಕಿದ ಕಟ್ಟಳೆ.

ಇವತ್ತು ದೊಡ್ಡ ಪಾಲು ನನಗೇ ಬಂತು. ನನ್ನನ್ನು ಅಜ್ಜ ಎಂದೇ ಕರೆಯುವ ಡಾಕ್ಟರನ ಮುಖ ನೋಡಬೇಕಿತ್ತು. "ಅಜ್ಜಾ, ನಿನ್ನ ಬೆನ್ನಿಗೆ ಕಣ್ಣಿದೆ ಕಣೋ!"

ಫೆಬ್ರವರಿ ೧೪

ಏನೋ ನಾರುತ್ತಿದೆ.

ಮೂವರಿಗೂ ಸೇರಿ ಒಂದೇ ಮಲಗುವ ಚೀಲ. ನಡುವೆ ನಾನು, ಬಲಕ್ಕೆ ಡಾಕ್ಟರ್ ಗಿಲ್‌ಕ್ರಿಸ್ಟ್, ಎಡಕ್ಕೆ ಕ್ಯಾಪ್ಟನ್. ಚೀಲ ಬೆಚ್ಚಗಾದೊಡನೆ ವಾಸನೆ ಮೇಲೆ ಬರುತ್ತದೆ. ಸಿಹಿಸಿಹಿ, ಕೊಳೆತ ಸೇಬಿನ ಹಾಗೆ. ಮೊದಲು ಒಣಮಾಂಸ ಕೆಟ್ಟಿದೆ ಎಂದುಕೊಂಡೆ. ಆಮೇಲೆ ನನ್ನದೇ ಕಾಲೋ ಏನೋ ಎಂದು ಮುಟ್ಟಿ ನೋಡಿಕೊಂಡೆ. ಅಲ್ಲ.

ಯಾರೂ ಬಾಯಿ ಬಿಡುತ್ತಿಲ್ಲ. ಡೇರೆಯ ಮರ್ಯಾದೆ ಹಾಗೆ. ಒಬ್ಬರ ಕಾಲು, ಕಾಲುಚೀಲ, ಪ್ರಾರ್ಥನೆ — ಈ ಮೂರರ ಬಗ್ಗೆ ಇನ್ನೊಬ್ಬ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ಬೆಳಿಗ್ಗೆ ಡಾಕ್ಟರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಗಾಳಿ ತಿರುಗಿದೆ ಅಲ್ವಾ ಅಜ್ಜಾ?"

"ಹೂಂ ಡಾಕ್ಟ್ರೇ, ತಿರುಗಿದೆ."

ಕ್ಯಾಪ್ಟನ್ ಬೂಟು ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಶಿಳ್ಳೆ ಹಾಕುತ್ತ.

ಫೆಬ್ರವರಿ ೧೭

ಕ್ಯಾಪ್ಟನ್ ಬಿದ್ದರು. ಎಡವಿದ್ದಲ್ಲ — ನಮ್ಮೊಡನೆ ಹಿಮಗಾಡಿ ಎಳೆಯುತ್ತಿದ್ದವರು ಎದೆಪಟ್ಟಿಯಲ್ಲೇ ಮೊಣಕಾಲೂರಿ ಕೂತರು. ಏಳಲಾಗಲಿಲ್ಲ. ಡಾಕ್ಟರ್ ಬೂಟಿಗೆ ಕೈ ಹಾಕಿದ. "ಬೇಡ" ಎಂದರು. ಅವನು ಬಿಡಲಿಲ್ಲ. ಕಾಲುಚೀಲ ಬರಲೇ ಇಲ್ಲ, ಕತ್ತರಿಸಬೇಕಾಯಿತು. ಎಡಗಾಲಿನ ಬೆರಳುಗಳು ಇದ್ದಿಲು. ಪಾದದ ಅರ್ಧ ಸೀಸದ ಬಣ್ಣ.

ಡಾಕ್ಟರ್ ಹಿಮದ ಮೇಲೆ ಕೂತುಬಿಟ್ಟ. "ಯಾವಾಗಿಂದ ಸರ್?"

"ಬಾವುಟ ಊರೋಕೂ ಮುಂಚೆ."

"ಯಾಕೆ ಹೇಳ್ಲಿಲ್ಲ ಸರ್? ನಾನಿರೋದು ಯಾಕೆ ಮತ್ತೆ?"

"ನೀವು ಕೇಳ್ಲಿಲ್ಲವಲ್ಲ."

ತಮಾಷೆಗೆಂದೇ ಹೇಳಿದ್ದು. ಒಂದೇ ಚೀಲದಲ್ಲಿ ಮೈಗೆ ಮೈ ತಾಗಿಸಿ ಮಲಗಿದವರು ನಾವು. ಮೂಗಿದೆ, ಬಾಯಿದೆ. ಒಂದು ಮಾತು ಕೇಳಿದ್ದರೆ ಆಗ ಬೆರಳಲ್ಲೇ ಮುಗಿಯುತ್ತಿತ್ತು ಎನ್ನುತ್ತಾನೆ. ಈಗ ಕತ್ತರಿಸಿದರೂ ಉಳಿಯುವ ಭರವಸೆಯಿಲ್ಲ, ಕತ್ತರಿಸದಿದ್ದರೂ ಇಲ್ಲ. ಹಡಗು ನಿಂತ ತೀರದ ಗುಡಿಸಲಿಗೆ ಮುಟ್ಟಿಸಿದರೆ ಒಂದು ಕೈ ನೋಡಬಹುದಂತೆ. ಅದಕ್ಕೆ ಮೊದಲು, ಬರುವಾಗ ನಾವು ಆಹಾರ ಹೂತಿಟ್ಟ ಜಾಗ ಸಿಗಬೇಕು. ಕಪ್ಪು ಬಾವುಟದ ದಾಸ್ತಾನು. ಅದು ಸಿಕ್ಕರೆ ಮೂವರೂ ಬದುಕಿದೆವು. ಆಹಾರದ ಚೀಲದಲ್ಲಿರುವುದು ಅಲ್ಲಿಯವರೆಗೆ ಸಾಕಾಗುವುದು ಅನುಮಾನ.

ಫೆಬ್ರವರಿ ೨೦

ಕ್ಯಾಪ್ಟನ್ ಈಗ ಗಾಡಿಯ ಮೇಲೆ. ಎಳೆಯುವವರು ನಾವಿಬ್ಬರೇ.

ಹಿಂದಿನಿಂದ ನನ್ನನ್ನು ಕೂಗುತ್ತಾರೆ: "ಎಡಕ್ಕೆ ಎಳೀತೀಯ ಜೇಬೆಜ್! ಎತ್ತು ಏರಿಗೆ, ಕೋಣ ನೀರಿಗೆ!"

"ಕೋಣ ಯಾರು ಸರ್?"

"ಅದನ್ನ ನೀವಿಬ್ರೇ ಮಾತಾಡ್ಕೊಳ್ಳಿ."

ನಕ್ಕೆವು. ನಕ್ಕರೆ ತುಟಿ ಸೀಳಿ ರಕ್ತ.

ಡಾಕ್ಟರ್ ಬಿಡುವಿನಲ್ಲಿ ಪಿಸುಗುಟ್ಟಿದ. ಇನ್ನು ಅಡುಗೆ ಅವನದು, ಬೆನ್ನು ನನ್ನದು. ದೊಡ್ಡ ಪಾಲಿನ ತಟ್ಟೆ ತೋರಿಸುವಾಗ ಚಮಚದಿಂದ ಒಲೆಯ ಅಂಚು ತಟ್ಟುತ್ತಾನೆ. ನಾನು "ಕ್ಯಾಪ್ಟನ್" ಎನ್ನಬೇಕು. ಪಾಪವೇ? ಇರಲಿ. ಚಾಪೆಲ್ಲಿನ ಪಾದ್ರಿ ಇಲ್ಲಿಗೆ ಬಂದು ಹೇಳಲಿ.

ಟಣ್. "ಯಾರದು?"

"ಕ್ಯಾಪ್ಟನ್."

ಉಂಡರು. ಕಣ್ಣು ಡಾಕ್ಟರನ ಚಮಚದ ಮೇಲೇ ಇತ್ತು.

ಫೆಬ್ರವರಿ ೨೨

ಸಿಕ್ಕಿಬಿದ್ದೆವು. ಚಮಚ ತಟ್ಟಿದೊಡನೆ, ನಾನು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಹೇಳಿದರು: "ಕ್ಯಾಪ್ಟನ್."

ಡಾಕ್ಟರ್ ಚಮಚ ಕೆಳಗಿಟ್ಟ.

"ನನಗೆ ಭಿಕ್ಷೆ ಹಾಕ್ತಿದ್ದೀರಾ?"

"ಸರ್, ವೈದ್ಯನಾಗಿ ನಾನು—"

"ನೀವು ವೈದ್ಯರು ಸರಿ. ಈ ಡೇರೆಯಲ್ಲಿ ನನಗಿದ್ದದ್ದು ಇದೊಂದೇ ಮಾನ. ಧ್ರುವ ಹೋಯ್ತು. ಕಾಲು ಹೋಯ್ತು. ಪಾಲು ಸಮ ಅನ್ನೋದಾದ್ರೂ ಉಳೀಲಿ ಅಂತಿದ್ದೆ."

ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ತಾವೇ ಮೆತ್ತಗಾದರು. ಆಹಾರದ ಚೀಲ ತಮ್ಮ ಕಡೆ ಎಳೆದುಕೊಂಡರು. "ಕಾಲಿಲ್ಲದೋನಿಗೆ ಕೈಯಿದೆ. ಇನ್ನು ಅಡುಗೆ ನಂದು. ಯಾರೂ ಸದ್ದು ಮಾಡೋ ಹಾಗಿಲ್ಲ."

ಫೆಬ್ರವರಿ ೨೪

ಬಿರುಗಾಳಿ. ನಡೆಯುವ ಮಾತಿಲ್ಲ. ದಾಸ್ತಾನು ಇಲ್ಲೇ ಎಲ್ಲೋ ಇದೆ, ಕೈಚಾಚಿದರೆ ನಮ್ಮ ಕೈಯೇ ಕಾಣದು.

ಡಾಕ್ಟರನ ಕಣ್ಣು ಹೋಗಿದೆ. ಬಾವುಟ ಹುಡುಕಲು ನಿನ್ನೆ ಕಪ್ಪು ಕನ್ನಡಕ ತೆಗೆದು ನಡೆದ, ಹಿಮದ ಬೆಳಕು ಸುಟ್ಟಿತು. ಬಟ್ಟೆ ಕಟ್ಟಿ ಮಲಗಿಸಿದ್ದೇನೆ. ಎರಡು ಮೂರು ದಿನಕ್ಕೆ ಸರಿಹೋಗುತ್ತದೆ ಎಂದು ಅವನೇ ಹೇಳುತ್ತಾನೆ. ಅಲ್ಲಿಯವರೆಗೆ ಮಗುವಿನಂತೆ. ಚಮಚ ಕೈಗಿಡಬೇಕು.

ಸಂಜೆ ಕ್ಯಾಪ್ಟನ್ ಗಂಜಿ ಮಾಡಿದರು. "ತಿರುಗಿ ಕೂರು ಜೇಬೆಜ್." ಕೂತೆ. "ಯಾರದು?" — "ಡಾಕ್ಟರ್." "ಯಾರದು?" — "ಕ್ಯಾಪ್ಟನ್." ಉಳಿದದ್ದು ನನ್ನದು.

ತಿರುಗಿ ನೋಡುತ್ತೇನೆ: ನಮ್ಮಿಬ್ಬರ ತಟ್ಟೆ ತುಂಬಾ. ಅವರ ತಟ್ಟೆಯ ಮೇಲೆ ಕೈ ಮುಚ್ಚಿಕೊಂಡಿದ್ದಾರೆ. ಬೆರಳ ಸಂದಿಯಲ್ಲಿ ಬರೀ ತಗಡು.

ಹೊಳೆಯಿತು. ನನ್ನ ಬೆನ್ನು ಅತ್ತ, ಡಾಕ್ಟರನ ಕಣ್ಣಿಗೆ ಬಟ್ಟೆ. ಸಾಕ್ಷಿ ಯಾರು? ಬೆರಳು ಯಾವ ತಟ್ಟೆಯನ್ನೂ ತೋರಿಸುತ್ತಲೇ ಇಲ್ಲ. ಹೆಸರು ಕೇಳಿಸಿಕೊಂಡ ಮೇಲೆ ತುಂಬಿದ್ದನ್ನು ನಮಗೂ ಖಾಲಿಯದನ್ನು ತಮಗೂ ಇಡುತ್ತಾರೆ!

ಬಾಯಿ ತೆರೆದೆ. ಅವರು ತುಟಿಗೆ ಬೆರಳಿಟ್ಟು ಡಾಕ್ಟರನ ಕಡೆ ಕಣ್ಣು ಹೊರಳಿಸಿದರು.

ಆಮೇಲೆ ಖಾಲಿ ತಟ್ಟೆಯನ್ನು ಚಮಚದಿಂದ ಕೆರೆಯತೊಡಗಿದರು. ಕರ್, ಕರ್, ಕರ್. ನಡುನಡುವೆ ನುಂಗುವ ಸದ್ದು.

"ರುಚಿ ಹೇಗಿದೆ ಸರ್?" — ಡಾಕ್ಟರ್, ಕಣ್ಣು ಕಟ್ಟಿಕೊಂಡವನು.

"ಉಪ್ಪು ಒಂಚೂರು ಮುಂದು."

ಫೆಬ್ರವರಿ ೨೫

ಗಾಳಿ ಹಾಗೇ. ಡಾಕ್ಟರ್ ನಿದ್ದೆಹೋಗಿದ್ದಾಗ ಕ್ಯಾಪ್ಟನ್ನರ ಕಿವಿಯಲ್ಲಿ ಜಗಳಾಡಿದೆ. ಜೀವಮಾನದಲ್ಲಿ ಮೊದಲ ಸಲ.

"ಇದು ಮೋಸ ಸರ್."

"ನಿನ್ನ ಹತ್ರಾನೇ ಕಲಿತದ್ದು."

"ನಾನು ಹೇಳ್ತೀನಿ ಡಾಕ್ಟ್ರಿಗೆ."

"ಹೇಳು. ಅವನೂ ಉಣ್ಣೋದು ಬಿಡ್ತಾನೆ. ಗಾಳಿ ನಿಂತ ದಿನ ಗಾಡಿ ಯಾರು ಎಳೀತಾರೆ? ಎತ್ತಿಗೆ ಮೇವು ಹಾಕ್ಬೇಕೋ, ಗಾಡಿ ಮೇಲಿನ ಮೂಟೆಗೆ ಹಾಕ್ಬೇಕೋ? ನೀನೇ ಹೇಳು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಅದಕ್ಕೇ ಹೊಟ್ಟೆ ಉರಿಯುವುದು. ಬಾಯಲ್ಲಿಟ್ಟ ಬಿಸಿತುಪ್ಪ. ಇವತ್ತೂ ತುಂಬಿದ ಪಾಲು ನನ್ನ ಮುಂದೆ. ಕೊಡುವಂತಿಲ್ಲ. ಬೇಡವೆನ್ನುವಂತಿಲ್ಲ. ಉಂಡೆ ಟ್ಯಾಮ್ಸಿನ್. ಹಸಿದಿದ್ದೆ, ಉಂಡೆ. ಪಕ್ಕದಲ್ಲಿ ಆ ಕರ್, ಕರ್.

ಫೆಬ್ರವರಿ ೨೭

ನಿನ್ನೆ ಬರೆಯಲಾಗಲಿಲ್ಲ.

ಕ್ಯಾಪ್ಟನ್ನರ ಮೈ ಸುಡುತ್ತಿದೆ. ಚೀಲದೊಳಗೆ ಅವರ ಪಕ್ಕೆಲುಬು ನನ್ನ ತೋಳಿಗೆ ಚುಚ್ಚುತ್ತದೆ. ಹೆಂಡತಿಯ ಹೆಸರು, ಒಂದು ನಾಯಿಯ ಹೆಸರು, ಏನೇನೋ ಬಡಬಡಿಕೆ. ಒಮ್ಮೆ ಸ್ಪಷ್ಟವಾಗಿ: "ಮುಂದಿನ ಸಲ ಪೂರ್ವದ ಕಡೆಯಿಂದ ಹೋಗೋಣ ಜೇಬೆಜ್. ಅಲ್ಲಿ ನೆಲ ಸಮ ಇದೆ."

"ಆಗ್ಲಿ ಸರ್. ಪೂರ್ವದ ಕಡೆಯಿಂದಾನೇ."

ಇವತ್ತಿನ ಗಂಜಿಗೆ ಒಣಮಾಂಸದ ಕಡೆಯ ಗಟ್ಟಿ ಹಾಕಿದರು. ಇನ್ನುಳಿದದ್ದು ಬಿಸ್ಕತ್ತಿನ ಪುಡಿ. ಸೌಟು ಕೈಜಾರಿ ಬಿತ್ತು, ಎತ್ತಿಕೊಡಲು ಹೋದೆ. "ಗೋಡೆ ಕಡೆ!" ಎಂದರು.

ಗೋಡೆ ಕಡೆ ಕೂತೆ. ಗುಡಾರದ ಬಟ್ಟೆ ಗಾಳಿಗೆ ಮುಖಕ್ಕೇ ಹೊಡೆಯುತ್ತಿತ್ತು. ಹಿಂದೆ ಹಂಚುವ ಸದ್ದು. ಯೋಚಿಸಿದ್ದಲ್ಲ. ಸುಳ್ಳೇಕೆ, ಯೋಚಿಸಿರಲೇ ಇಲ್ಲ.

"ಯಾರದು?"

"ಕ್ಯಾಪ್ಟನ್."

ತಡೆದು: "ಯಾರದು?"

"ಕ್ಯಾಪ್ಟನ್."

ಡಾಕ್ಟರ್ ಮಲಗಿದ್ದಲ್ಲೇ ನಕ್ಕ. "ಅಜ್ಜಂಗೆ ಅರಳುಮರಳು."

"ಯಾರದು ಅಂದೆ ಜೇಬೆಜ್."

"ಮೂರೂ ಕ್ಯಾಪ್ಟನ್‌ದೇ ಸರ್. ಒಂದು ಹೆಸರು ಒಂದೇ ಸಲ ಹೇಳ್ಬೇಕು ಅಂತ ನಿಮ್ಮ ಕಟ್ಟಳೇಲಿ ಇಲ್ಲ."

"ಸರಿ. ಮೂರೂ ನಂದು ತಾನೆ? ನಿಮ್ಮಿಬ್ರಿಗೂ ಕೊಟ್ಟೆ."

"ಕೊಡೋ ಹಾಗಿಲ್ಲ ಸರ್. ಅದು ಕಟ್ಟಳೇಲಿ ಇದೆ."

ಹಡಗಿನ ಕೆಳ ಅಂತಸ್ತಿನ ನಾವಿಕರ ಬಾಯಲ್ಲೂ ಕೇಳದಂಥ ಒಂದು ಬೈಗುಳ ಬೈದರು. ನನ್ನ ಬೆನ್ನು ಕೇಳಿಸಿಕೊಂಡಿತು.

ಡಾಕ್ಟರ್ ನಗು ನಿಲ್ಲಿಸಿದ. ಎದ್ದು ಕೂತ ಸದ್ದು. "ಏನ್ ನಡೀತಿದೆ ಇಲ್ಲಿ? ಅಜ್ಜಾ?" ಹೆಗಲ ಮೇಲಿಂದ ಓರೆಯಾಗಿ ನೋಡಿದೆ. ಅವನು ಚೀಲದ ಮೇಲೆ ತೆವಳಿ ಬಂದು, ಕಣ್ಣಿಗೆ ಬಟ್ಟೆ ಕಟ್ಟಿದ್ದಂತೆಯೇ, ಕ್ಯಾಪ್ಟನ್ನರ ಮೈ ಮುಟ್ಟಿ ನೋಡಿದ. ಕುತ್ತಿಗೆ. ಎದೆಗೂಡು. ಹೊಟ್ಟೆ. ಎಷ್ಟೋ ಹೊತ್ತು ಕೈ ಅಲ್ಲೇ ಇತ್ತು.

"ಉಪ್ಪು ಮುಂದು ಅಂದ್ರಲ್ಲ ಸರ್," ಎಂದ.

ತಟ್ಟೆಗಳ ಮೇಲೆ ಹಬೆ ನಿಂತಿತು. ಯಾರೂ ಮುಟ್ಟಲಿಲ್ಲ. ಮೂರು ಹಸಿದ ಗಂಡಸರು, ನಡುವೆ ಮೂರು ತಟ್ಟೆ.

"ಆರ್ತಾ ಇದೆ ಸರ್," ಎಂದೆ, ಮತ್ತೆ ಗೋಡೆಗೆ ಮುಖ ಮಾಡಿ.

ಆಗ ಚಮಚ ಎತ್ತಿದರು. ಈ ಸಲ ಕೆರೆಯುವ ಸದ್ದಲ್ಲ. ನಾಲ್ಕೋ ಐದೋ ಬಾರಿ. ಆಮೇಲೆ ಕೆಮ್ಮು, ವಾಂತಿ. ಹೊಟ್ಟೆ ಹಿಡಿಯಲಿಲ್ಲ. ತಿರುಗಿದೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ನಗುತ್ತಿದ್ದಾರೆ.

"ನೋಡಿದ್ಯಾ? ನೀನು ಗೆದ್ದೆ, ಹೊಟ್ಟೆ ಒಪ್ಪಲಿಲ್ಲ. ಇನ್ನಾದ್ರೂ ಉಣ್ರೋ ಕತ್ತೆಗಳಾ. ಇದು ಕಟ್ಟಳೆ ಅಲ್ಲ, ಬೇಡ್ಕೋತಿದ್ದೀನಿ."

ಉಂಡೆವು. ಡಾಕ್ಟರ್ ಕೈತಡವುತ್ತಲೇ ಬಿಸ್ಕತ್ತಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಹನಿಹನಿಯಾಗಿ ಅವರ ಬಾಯಿಗೆ ಬಿಟ್ಟ. ಅದು ನಿಂತಿತು. ಸ್ವಲ್ಪ.

ಮೊದಲ ದಿನವೇ ನಾನು ಬಾಯಿ ಬಿಟ್ಟಿದ್ದರೆ ಅವರ ಹೊಟ್ಟೆ ಒಪ್ಪುತ್ತಿತ್ತೋ ಏನೋ. ಡಾಕ್ಟರನನ್ನು ಕೇಳಿದೆ. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

ಮಾರ್ಚ್ ೧. ಬೆಳಿಗ್ಗೆ

ಗಾಳಿ ನಿಂತಿದೆ. ಕಿವಿ ಕಿವುಡಾದಂತೆ. ಡಾಕ್ಟರ್ ಒಂದು ಕಣ್ಣಿನ ಬಟ್ಟೆ ಬಿಚ್ಚಿ ಹೊರಗೆ ಹೋಗಿದ್ದಾನೆ.

ಕ್ಯಾಪ್ಟನ್ ನನ್ನ ಎಡಗೈ ಹಿಡಿದುಕೊಂಡಿದ್ದಾರೆ. ನಸುಕಿನಿಂದ ಹಾಗೇ. ಬಲಗೈಯಲ್ಲಿ ಇದನ್ನು ಗೀಚುತ್ತಿದ್ದೇನೆ.

ಡಾಕ್ಟರ್ ಕೂಗುತ್ತಿದ್ದಾನೆ. "ಅಜ್ಜಾ! ಬಾವುಟ! ಕಪ್ಪು ಬಾವುಟ, ಇಲ್ಲೇ ಇದೆ, ಬಾರೋ ಅಜ್ಜಾ!" ಹುಚ್ಚನ ಹಾಗೆ ಅಳುತ್ತ ಕೂಗುತ್ತಿದ್ದಾನೆ. ಆ ಗಾಳಿಯಲ್ಲಿ ಇಷ್ಟೂ ದಿನ ಅದರ ಮಗ್ಗುಲಲ್ಲೇ ಮಲಗಿದ್ದೆವು.

ಕಿವಿಯ ಹತ್ತಿರ ಹೇಳಿದೆ: "ಸಿಕ್ತು ಸರ್. ದಾಸ್ತಾನು ಸಿಕ್ತು."

ಇನ್ನೊಮ್ಮೆ ಹೇಳಿದೆ.

ಹಿಡಿತ ಸಡಿಲಿಸುತ್ತಿಲ್ಲ. ನಾನು ಹೋಗಬೇಕು, ಅಗೆಯಬೇಕು, ಅವನೊಬ್ಬನ ಕೈಲಾಗದು. ಬೆರಳು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಇಷ್ಟು ತಣ್ಣಗೆ ಯಾಕೆ... ಡಾಕ್ಟರ್ ಬರಲಿ. ಅವನು ಬಂದು ಮುಟ್ಟಿ ಹೇಳುವವರೆಗೆ ನಾನು