ನೀವಿದ್ದಾಗ ನಿಲ್ಲದ ಎಂಜಿನ್

ಉಸ್ತಾದ್,

ನಾನು ಮಲ್ಲು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಸೊಟ್ಟ ಇದ್ದರೂ ಓದಿ. ನಿಮಗೆ ಮಣ್ಣು ಕೊಡುವ ದಿನ ನಾನು ಬರಲಿಲ್ಲ. ಊರಿನಲ್ಲೇ ಇದ್ದೆ. ನಿಮ್ಮ ರಿಪೇರಿ ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತಿದ್ದೆ. ಸಿಟ್ಟಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಮತ್ತೆ ಯಾರ ಮೇಲೆ ಮಾಡಬೇಕಿತ್ತು?

ಶರಣಪ್ಪನ ದೋಣಿಗೆ ನಾವಿಬ್ಬರೂ ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿದ ದಿನ ನೆನಪಿದೆಯೇ? ಭೀಮಾ ದಂಡೆಯ ಮೇಲೆ ಅರ್ಧ ಊರು ನಿಂತಿತ್ತು. ನೀವು ಟ್ಯಾಂಕಿನ ಮುಚ್ಚಳ ತೆಗೆದು, ತೊಗರಿ ಕಟ್ಟಿಗೆ ಇಳಿಬಿಟ್ಟು ಡೀಸೆಲ್ ಎಷ್ಟಿದೆ ನೋಡಿ, ಆಮೇಲೆ ಹ್ಯಾಂಡಲ್ ತಿರುವಿದಿರಿ. ಒಂದೇ ಸಲಕ್ಕೆ ಚಾಲೂ ಆಯಿತು. ಆಚೆ ದಂಡೆಯ ಹೊಲಗಳಿಗೆ ಕಳೆ ತೆಗೆಯಲು ಹೋಗುವ ನಾಗಮ್ಮ ಆಯಿ, "ಉಸ್ತಾದ ಕೈ ಹಚ್ಯಾನಂದ್ರ ನಾ ಕಣ್ಮುಚ್ಚಿ ಕುಂದರ್ತೀನಿ" ಎಂದಳು. ದಿನಾ ದೋಣಿ ಓಡಿಸುವ ಕೆಲಸ ನೀವೇ ನನಗೆ ಕೊಡಿಸಿದಿರಿ.

ಹೋದ ಬೇಸಿಗೆಯಲ್ಲಿ ಆ ಎಂಜಿನ್ ನಿಲ್ಲತೊಡಗಿತು. ಹೊಳೆಯ ನಡುವೆ ಹೋಗುತ್ತಲೇ ಸದ್ದು ಇಳಿಯುತ್ತಿತ್ತು, ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಬಿದಿರಿನ ಗಳ ಊರಿ ದಂಡೆ ಸೇರುತ್ತಿದ್ದೆ. ಫಿಲ್ಟರ್ ತೊಳೆದೆ, ಪೈಪ್ ಊದಿದೆ, ನಾಝಲ್ ಬಿಚ್ಚಿದೆ. ಟ್ಯಾಂಕನ್ನು ದೋಣಿಯಲ್ಲೇ ಬಿಟ್ಟು ಎಂಜಿನ್ ಅಷ್ಟೇ ಅಂಗಡಿಗೆ ತಂದು, ಮೇಲೆ ಡೀಸೆಲ್ ಕ್ಯಾನ್ ತೂಗುಹಾಕಿ ಓಡಿಸಿದರೆ ಅರ್ಧ ದಿನ ಓಡಿತು. ನೀವು ದೋಣಿಯಲ್ಲಿ ಕೂತರೆ ಹೋಗುವಾಗಲೂ ಬರುವಾಗಲೂ ಓಡಿತು. ಮರುದಿನ ನಾನೊಬ್ಬನೇ ಹೊರಟರೆ ನಡುನೀರಿನಲ್ಲಿ ನಿಂತಿತು. ಶರಣಪ್ಪ ಎಲ್ಲರ ಎದುರಿಗೇ, "ಉಸ್ತಾದ ಇದ್ರ ಓಡ್ತದ, ನೀ ಇದ್ರ ನಿಂದರ್ತದ. ಎಂಜಿನ್ನಿಗೂ ನಿನ್ನ ಮಾರಿ ಸೇರಂಗಿಲ್ಲ ನೋಡು" ಎಂದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನೀವು ನಗಬಾರದಿತ್ತು ಉಸ್ತಾದ್.

ಅವತ್ತೇ ದಂಡೆಯ ಮೇಲೆ ಅಂದುಬಿಟ್ಟೆ: "ಏನೋ ಒಂದು ಮಾಡ್ತೀರಿ ನೀವು. ನನಗ ಹೇಳಲಾರ್ದ ಇಟ್ಕೊಂಡೀರಿ."

ನಿಮಗೆ ಕಿವಿ ಮಂದ. ಎರಡನೇ ಸಲ ಒದರಿ ಹೇಳಬೇಕಾಯಿತು. ಜಗಳದ ಮಾತನ್ನು ಎರಡು ಸಲ ಹೇಳುವುದು ಎಷ್ಟು ಕೆಟ್ಟದ್ದು…

"ಇಟ್ಕೊಳ್ಳಲಿಕ್ಕ ನನ್ನ ಹತ್ರ ಏನದ ಬೇಟಾ" ಎಂದಿರಿ. ನಾನು ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಎಸೆದು ಬಂದೆ. ಮಳೆಗಾಲ ಹಿಡಿಯುವ ಮೊದಲೇ ನೀವು ಎದೆ ಹಿಡಿದುಕೊಂಡು ಹೋಗಿಬಿಟ್ಟಿರಿ. ನಡುವೆ ಒಂದು ಮಾತೂ ಆಡಲಿಲ್ಲ ನಾವು.

ನೀವು ಹೋದ ಮೇಲೆ ಎಂಜಿನ್ ದಿನಾ ನಿಲ್ಲತೊಡಗಿತು. "ನಿಮ್ಮ ಉಸ್ತಾದ ಕೊಳೆತ ಎಂಜಿನ್ ಕುಂದ್ರಿಸಿ ಹೋದ" ಎಂದ ಶರಣಪ್ಪ. ನಾನು ಏನೆಂದೆ ಗೊತ್ತೇ? ಹೌದು ಎಂದೆ. ಅಷ್ಟಕ್ಕೇ ಬಿಡಲಿಲ್ಲ. ನಿಮ್ಮ ಮನೆಗೆ ಹೋಗಿ ಚಾಚಿಯ ಮುಂದೆ ನಿಂತು, "ಕೆಲಸದ ಗುಟ್ಟು ಎದ್ಯಾಗ ಇಟ್ಕೊಂಡೇ ಹೋದ್ರು ನಿಮ್ಮವರು" ಎಂದೆ. ಚಾಚಿ ಅಕ್ಕಿ ಆರಿಸುತ್ತಿದ್ದರು. ಮುಖ ಎತ್ತಲಿಲ್ಲ. "ಸಿಕ್ಕರ ನನಗೂ ಬಂದು ಹೇಳಪ್ಪಾ. ಅವ್ರು ನನಗೂ ಏನೂ ಹೇಳಲಿಲ್ಲ" ಎಂದರು. ಇನ್ನೂ ಆ ಮಾತು…

ಹೋದ ವಾರ ಹೊಳೆ ತುಂಬಿತ್ತು. ಸಂಜೆ ಏಳು ಮಂದಿ ಹೆಂಗಸರನ್ನು ಹತ್ತಿಸಿಕೊಂಡು ಆಚೆ ದಂಡೆಯಿಂದ ಹೊರಟೆ. ನಡುವೆ ನಿಂತಿತು. ಬಿದಿರಿನ ಗಳ ಇಳಿಸಿದರೆ ತಳ ಸಿಗಲಿಲ್ಲ. ನೀರು ನಮ್ಮನ್ನು ಬ್ಯಾರೇಜಿನ ಗೇಟಿನ ಕಡೆ ಒಯ್ಯುತ್ತಿತ್ತು, ಗೇಟಿನ ಸದ್ದು ಕೇಳುತ್ತಿತ್ತು. ಪೈಪ್ ಬಿಚ್ಚಿದೆ, ಡೀಸೆಲ್ ಹನಿಹನಿಯಾಗಿ ಬಂದು ನಿಂತುಹೋಯಿತು. ಹ್ಯಾಂಡಲ್ ತಿರುವಿ ತಿರುವಿ ಅಂಗೈ ಕಿತ್ತಿತು. ಹಿಂದೆ ಯಾರೋ ಅಳುತ್ತಿದ್ದರು.

"ಎಣ್ಣಿ ಅದನೋ ಇಲ್ಲೋ ನೋಡೋ ಮಲ್ಲ್ಯಾ," ಎಂದಳು ನಾಗಮ್ಮ ಆಯಿ.

"ಟ್ಯಾಂಕ್ ತುಂಬ್ಯಾದ. ಸುಮ್ಮ ಕುಂದರಬೇ."

"ಉಸ್ತಾದ ಚಾಲೂ ಮಾಡೋ ಮುಂದ ಕಟ್ಟಿಗಿ ಇಟ್ಟು ನೋಡ್ತಿದ್ದ. ನಡುವ ಒಮ್ಮಿ ನೋಡ್ತಿದ್ದ. ನೀ ಒಮ್ಮೆರ ನೋಡೀಯೇನು? ತಗಿ ಅದನ್ನ."

ಆಕೆಯ ಬಾಯಿ ಮುಚ್ಚಿಸಲು ತೆಗೆದೆ. ಮುಚ್ಚಳ ಸಡಿಲಾಗುತ್ತಲೇ ಗಾಳಿ ಸುಸ್ ಎಂದು ಒಳಗೆ ಹೋಯಿತು. ಬಿಚ್ಚಿದ ಪೈಪಿನಿಂದ ಡೀಸೆಲ್ ಧಾರೆ ಸುರಿಯಿತು. ಪೈಪ್ ಕೂರಿಸಿ, ಅದರೊಳಗೆ ಸಿಕ್ಕ ಗಾಳಿ ತೆಗೆದು, ಹ್ಯಾಂಡಲ್ ತಿರುವಿದೆ. ಎಂಜಿನ್ ಚಾಲೂ ಆಯಿತು. ಮುಚ್ಚಳ ಹಾಕಲಿಲ್ಲ. ಹಾಗೇ ದಂಡೆ ಮುಟ್ಟಿದೆ.

ಈಗ ನಿಮಗೆ ಗೊತ್ತಿಲ್ಲದ ಮಾತು. ಬೇಸಿಗೆಯಲ್ಲಿ ಡೀಸೆಲ್ ಹಾಕುವಾಗ ಹಳೆಯ ಮುಚ್ಚಳ ನನ್ನ ಕೈಯಿಂದ ಜಾರಿ ಭೀಮಾ ಪಾಲಾಯಿತು. ಆಯಿಲ್ ಡಬ್ಬಿಯ ಮುಚ್ಚಳ ತಂದು, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿಗಿದೆ. ಹನಿ ಚೆಲ್ಲಬಾರದು ಎಂದು ಭಾಳ ಬಿಗಿಯಾಗಿ ಮಾಡಿದೆ. ನನ್ನ ಕೆಲಸ ಎಂದು ಹೆಮ್ಮೆಯೂ ಇತ್ತು. ಹಳೆಯದು ಎಲ್ಲಿ ಎಂದು ನೀವು ಕೇಳಿದಿರಿ. "ತುಕ್ಕು ಹಿಡದಿತ್ತು, ಅಂಗಡ್ಯಾಗ ಇಟ್ಟೀನಿ" ಎಂದೆ. ಕಳೆದೆ ಎಂದಿದ್ದರೆ, ಅದರಲ್ಲಿ ಗಾಳಿಗೆ ಸಣ್ಣ ತೂತಿತ್ತು ಎಂದು ನೀವು ಹೇಳುತ್ತಿದ್ದಿರಿ, ಅಲ್ಲವೇ? ನೀವು ಸಲಸಲಕ್ಕೂ ತೆಗೆದು ನೋಡುತ್ತಿದ್ದಿರಿ, ಟ್ಯಾಂಕಿಗೆ ಗಾಳಿ ಹೋಗುತ್ತಿತ್ತು, ಡೀಸೆಲ್ ಇಳಿಯುತ್ತಿತ್ತು, ಎಂಜಿನ್ ಓಡುತ್ತಿತ್ತು. ಆ ಸುಸ್ ಸದ್ದು ನಿಮ್ಮ ಕಿವಿಗೆ ಬೀಳುವುದು ಸಾಧ್ಯವಿರಲಿಲ್ಲ. ಗುಟ್ಟು ಏನೂ ಇರಲಿಲ್ಲ. ಒಂದು ತೊಗರಿ ಕಟ್ಟಿಗೆ ಇತ್ತು, ಅಷ್ಟೇ.

ಮುಚ್ಚಳಕ್ಕೆ ಮೊಳೆ ಹೊಡೆದು ತೂತು ಮಾಡಿದೆ. ಶರಣಪ್ಪನಿಗೂ ಆ ಏಳು ಜನರಿಗೂ ದಂಡೆಯ ಮೇಲೇ ಎಲ್ಲ ಹೇಳಿದೆ. ಶರಣಪ್ಪ, "ಉಸ್ತಾದಗ ಅಂದದ್ದು ನಂದೂ ತಪ್ಪಾತು. ಆದ್ರ ನೀ ನಾಳಿಂದ ಬರಬ್ಯಾಡ" ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಈಗ ಅವನ ತಮ್ಮ ಓಡಿಸುತ್ತಾನೆ. ಇವತ್ತಿನವರೆಗೆ ಒಮ್ಮೆಯೂ ನಿಂತಿಲ್ಲ ಅಂತೆ.

ಚಾಚಿಗೆ ಇನ್ನೂ ಹೇಳಿಲ್ಲ. ಎರಡು ಸಲ ನಿಮ್ಮ ಓಣಿಯ ತನಕ ಹೋಗಿ ತಿರುಗಿ ಬಂದೆ. ಸಿಕ್ಕರೆ ಬಂದು ಹೇಳು ಎಂದಿದ್ದರಲ್ಲ… ನಾಳೆ ಶುಕ್ರವಾರ. ಮೊದಲು ನಿಮ್ಮ ಹತ್ತಿರ ಬಂದು, ಅವತ್ತು ಹಾಕದ ಮಣ್ಣು ಹಾಕುತ್ತೇನೆ. ಅಲ್ಲಿಂದ ಸೀದಾ ಮನೆಗೆ ಹೋಗುತ್ತೇನೆ. ಚಾಚಿಯ ಕಿವಿ ಚೆನ್ನಾಗಿದೆ. ಒಂದೇ ಸಲ ಹೇಳಿದರೆ ಸಾಕು.

ನಿಮ್ಮ ಶಾಗಿರ್ದ,
ಮಲ್ಲು